ವಾಲಿ ಸಂಸ್ಥಾನದ ಬೀಗರು

ಕ್ಲೈಡ್ ನಾರ್ತ್

ನಾನು ರಾಜಮನೆತನದವಳು ಎಂಬ ಸಂಗತಿ ನನಗೆ ಅರವತ್ತೊಂದನೆಯ ವಯಸ್ಸಿನಲ್ಲಿ, ಮೆಲ್ಬರ್ನಿನ ಕ್ಲೈಡ್ ನಾರ್ತ್ ಎಂಬ ಸಬರ್ಬಿನ ಅಡುಗೆಮನೆಯೊಂದರಲ್ಲಿ, ಉಪ್ಪಿಟ್ಟು ತಿನ್ನುವಾಗ ತಿಳಿಯಿತು. ತಿಳಿಸಿದವಳು ನನ್ನ ಸ್ವಂತ ತಂಗಿ ಸಾವಿತ್ರಿ. ಊರಲ್ಲಿ ಅವಳು ಸಾವಕ್ಕ. ಮೂವತ್ತೈದು ವರ್ಷದಿಂದ ಅಮೆರಿಕದ ಆಸ್ಪತ್ರೆಯಲ್ಲಿ ನರ್ಸು. ಅಲ್ಲಿ ಅವಳನ್ನು ಸ್ಯಾವಿ ಎನ್ನುತ್ತಾರಂತೆ.

ನಾವಿಬ್ಬರೂ ಆಸ್ಟ್ರೇಲಿಯಕ್ಕೆ ಬಂದದ್ದು ಅವಳ ಮಗಳು ನೇತ್ರಾಳ ಮದುವೆಗೆ. ನೇತ್ರಾ ಅಮೆರಿಕದಲ್ಲೇ ಹುಟ್ಟಿ ಬೆಳೆದವಳು, ಸೇತುವೆ ಕಟ್ಟುವ ಎಂಜಿನಿಯರು, ನಾಲ್ಕು ವರ್ಷದಿಂದ ಮೆಲ್ಬರ್ನಿನಲ್ಲಿ ಕೆಲಸ. ಅವಳ ಅಪ್ಪ ಅವಳು ಕೂಸಿದ್ದಾಗಲೇ ಮನೆ ಬಿಟ್ಟು ಹೋದ. ಸಾವಕ್ಕ ಅಳುತ್ತ ಕೂರಲಿಲ್ಲ; ಅವನ ಅಡ್ಡಹೆಸರು ಕಿತ್ತು ಹಾಕಿ ಮಗಳಿಗೆ ನಮ್ಮ ಮನೆಯದ್ದನ್ನು ಇಟ್ಟಳು. ನೇತ್ರಾ ವಾಲೀಕಾರ. ವರ ಮ್ಯಾಕ್ಸ್, ಸಿಡ್ನಿಯವನು, ದನಕರುಗಳ ಡಾಕ್ಟರು, ಒಳ್ಳೆಯ ಹುಡುಗ. ಅವನಿಗಿರುವ ಒಂದೇ ದೋಷವೆಂದರೆ ಅವನು ಆಸ್ಟ್ರಿಯಾ ದೇಶದ ಬ್ಯಾರನ್ನು. ಎಂದರೆ ನಮ್ಮ ಕಡೆಯ ಜಹಗೀರದಾರ ಇದ್ದಂತೆ. ಆಸ್ಟ್ರಿಯಾದವರು ಇಂಥ ಬಿರುದನ್ನೆಲ್ಲ ಕಾನೂನು ಮಾಡಿ ಕಿತ್ತು ಎಸೆದು ನೂರು ವರ್ಷವಾಯಿತು. ಆ ಕಾನೂನು ಸಿಡ್ನಿಯಲ್ಲಿರುವ ಅವನ ತಾಯಿಗೆ ಇನ್ನೂ ಮುಟ್ಟಿಲ್ಲ.

"ಅಕ್ಕಾ, ನಿನಗೊಂದು ಮಾತು ಹೇಳಬೇಕು. ಸಿಟ್ಟಾಗಬ್ಯಾಡ," ಎಂದಳು ಸಾವಕ್ಕ.

"ಸಿಟ್ಟಿನ ಮಾತಿದ್ದರ ಆಗ್ತೀನಿ. ಹೇಳು."

"ಅವರಮ್ಮ ಹೆಲ್ಗಾ, ನಮ್ಮ ಹೆಸರಿನ ಅರ್ಥ ಏನಂತ ಯಾರೋ ಮುಂಬೈ ಹೆಣ್ಣಮಗಳನ್ನ ಕೇಳ್ಯಾಳ. ಆಕಿ, 'ಕಾರ' ಅಂದ್ರ ಆ ಊರಾವ್ರು ಅಂತ ಹೇಳ್ಯಾಳ. ಅವರ ಹೆಸರಿನ್ಯಾಗ 'ಫಾನ್' ಅಂತ ಬರ್ತದಲ್ಲ, ಹಂಗs. ಅದಕ್ಕ ಹೆಲ್ಗಾ ನಾವು ವಾಲಿ ಅನ್ನೋ ಸಂಸ್ಥಾನದವರು ಅಂತ ತಿಳಕೊಂಡಾಳ."

"ನೀ ಅಲ್ಲ ಅನ್ನಲಿಲ್ಲೇನು?"

"ಅನ್ನಾಕ ಹೋದೆ. ಅಷ್ಟ್ರಾಗ ಆಕಿ ಮ್ಯಾಪಿನ್ಯಾಗ ವಾಲಿ ಹುಡುಕಿ, ಸಿಗವಲ್ತು ಅಂತ ಫೋನ್ ಮಾಡಿದಳು."

"ಆಮೇಲೆ?"

ಸಾವಕ್ಕ ಉಪ್ಪಿಟ್ಟಿನಲ್ಲಿದ್ದ ಸಾಸಿವೆ ಎಣಿಸುವವಳ ಹಾಗೆ ತಲೆ ಬಗ್ಗಿಸಿದಳು. "ಡ್ಯಾಮಿನ್ಯಾಗ ಮುಳುಗಿತು ಅಂದೆ."

ಕೇಳಿ ಹೆಲ್ಗಾ ಫೋನಿನಲ್ಲೇ ಅತ್ತಳಂತೆ. ಕಳೆದುಹೋದ ಅರಮನೆಯ ಸಂಕಟ ಅವಳಿಗಲ್ಲದೆ ಇನ್ನಾರಿಗೆ ತಿಳಿಯಬೇಕು!

ವಾಲೀಕಾರ ಎಂದರೆ ಏನೆಂದು ನಮ್ಮ ಕಡೆಯ ಓದುಗರಿಗೆ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಓಲೇಕಾರ ಎಂಬುದೇ ಬಾಯಲ್ಲಿ ತಿರುಗಿ ವಾಲೀಕಾರ. ಗೌಡರ ಚಾವಡಿಯ ಆಳು. ಓಲೆ ಒಯ್ಯುವವನು, ಕಂದಾಯ ಬಾಕಿ ಇದ್ದವರನ್ನು ಕರೆತರುವವನು, ಊರೆಲ್ಲ ತಿರುಗಿ ಡಂಗುರ ಸಾರುವವನು. ನಮ್ಮಪ್ಪ ಯಲ್ಲಪ್ಪ ಆ ಕೆಲಸವನ್ನು ಮೂವತ್ತು ವರ್ಷ ಮಾಡಿದ. ಕೈಯಲ್ಲಿ ಕೋಲು, ಎದೆಗೆ ಅಡ್ಡಪಟ್ಟಿ, ಪಟ್ಟಿಯ ಮೇಲೆ ಅಂಗೈಯಗಲದ ಹಿತ್ತಾಳೆ ಬಿಲ್ಲೆ. ಈಗ ಅವನೇ ವಾಲಿ ಸಂಸ್ಥಾನದ ದೊರೆ.

"ನಾಲ್ಕs ದಿನ ಅಕ್ಕಾ," ಎಂದಳು ಸಾವಕ್ಕ. "ಸಿಡ್ನಿಗೆ ಹೋಗಿ ಲಗ್ನ ಮುಗಿಸಿ ಬರೂತನಕ ಅಪ್ಪನ ಕೆಲಸದ ಸುದ್ದಿ ಎತ್ತಬ್ಯಾಡ. ನೇತ್ರಾಗೂ ಗೊತ್ತಿಲ್ಲ. ಅಜ್ಜ ಜಮೀನು ನೋಡಿಕೋತಿದ್ದ ಅಂತ ಹೇಳಿ ಬೆಳೆಸೀನಿ."

ಜಮೀನನ್ನು ಅಪ್ಪ ನೋಡುತ್ತಿದ್ದುದು ನಿಜ. ದಿನಾ ಗೌಡರ ಹೊಲದ ಬದುವಿನ ಮೇಲೆ ನಡೆಯುವಾಗ ಎರಡೂ ಬದಿಗೆ ನೋಡುತ್ತಿದ್ದ.

ನಾವು ಇಳಿದುಕೊಂಡಿದ್ದ ಮನೆ ಧಾರವಾಡದ ಬಸವರಾಜ ಪಾಟೀಲನದು. ಕಂಪ್ಯೂಟರಿನ ಕೆಲಸ, ನೇತ್ರಾಳಿಗೆ ಕನ್ನಡ ಸಂಘದಲ್ಲಿ ಪರಿಚಯ. ನಮ್ಮ ಹೆಸರು ಕೇಳಿದ್ದೇ ಅವನ ಮುಖ ಅರಳಿತು. "ವಾಲೀಕಾರ ಅಂದ್ರಿ? ನಮ್ಮಜ್ಜನ ಚಾವಡಿಯೊಳಗೂ ಒಬ್ಬ ವಾಲೀಕಾರ ಇದ್ದ ನೋಡ್ರಿ ಮೇಡಂ. ನಮ್ಮಜ್ಜ ಒಂದು ಕೂಗು ಹಾಕಿದರ ಉಣ್ಣೂದು ಬಿಟ್ಟು ಓಡಿ ಬರ್ತಿದ್ದ!"

ಅಷ್ಟರಲ್ಲಿ ಒಳಗಿನಿಂದ ಅವನ ಹೆಂಡತಿ, "ರೀ, ಇವತ್ತು ಬಿನ್ ಡೇ!" ಎಂದು ಒಂದು ಕೂಗು ಹಾಕಿದಳು. ಗೌಡರ ಮೊಮ್ಮಗ ಮಾತು ಬಿಟ್ಟು ಓಡಿದ. ಇಲ್ಲಿ ಕಸದ ಡಬ್ಬಿಗಳಿಗೆ ಬಣ್ಣಬಣ್ಣದ ಮುಚ್ಚಳ. ಯಾವ ವಾರ ಯಾವ ಬಣ್ಣ ಹೊರಗಿಡಬೇಕೆಂಬುದು ಪಂಚಾಂಗದಷ್ಟು ಬಿಗಿ. ತಪ್ಪಿದರೆ ಲಾರಿಯವನು ಮುಟ್ಟುವುದಿಲ್ಲ. ಪಾಟೀಲ ಎರಡು ಡಬ್ಬಿ ಎಳೆದುಕೊಂಡು ರಸ್ತೆಯ ಅಂಚಿಗೆ ಹೋಗಿ, ಗಾಲಿ ಮನೆಯ ಕಡೆ, ಹಿಡಿ ಮನೆಯ ಕಡೆ ಎಂದು ಸರಿಯಾಗಿ ಅಳೆದು ನಿಲ್ಲಿಸಿದ. ನಾನು ಕಿಟಕಿಯಲ್ಲಿ ನಿಂತು ಆಸ್ಟ್ರೇಲಿಯ ದೇಶದ ಬಗ್ಗೆ ಮೊದಲ ಬಾರಿ ಗೌರವ ತಾಳಿದೆ.

ಮೆಲ್ಬರ್ನ್, ರೈಲು ಗೇಟಿನ ಹತ್ತಿರ

ಅಪ್ಪನ ಬಿಲ್ಲೆ ನನ್ನ ಚೀಲದಲ್ಲೇ ಇತ್ತು. ಅದನ್ನು ತರಲು ಹೇಳಿದವಳು ನೇತ್ರಾ. "ದೊಡ್ಡವ್ವ, ಅಜ್ಜಂದು ಏನಾದ್ರೂ ಒಂದು ಬೇಕು, ಎನಿಥಿಂಗ್," ಎಂದಿದ್ದಳು ಫೋನಿನಲ್ಲಿ. ಅಜ್ಜನದು ಎಂದು ಉಳಿದಿರುವುದು ಅದೊಂದೇ. ಹುಣಸೆಹಣ್ಣು ಹಚ್ಚಿ ತಿಕ್ಕಿ, ನನ್ನ ಹಳೆಯ ಸೆರಗಿನ ತುಂಡಿನಲ್ಲಿ ಸುತ್ತಿ ತಂದಿದ್ದೆ.

ಬಂದ ದಿನ ವಿಮಾನ ನಿಲ್ದಾಣದಲ್ಲಿ ಅದರಿಂದ ಒಂದು ಪ್ರಸಂಗವೂ ಆಗಿತ್ತು. ನನ್ನ ಚಟ್ನಿಪುಡಿಯನ್ನು, ಅದೇ ಗುರೆಳ್ಳು ಹಿಂಡಿಯನ್ನು, ಬಾಂಬಿನ ಮದ್ದಿನ ಹಾಗೆ ನೋಡಿ ಮೂಸಿದ ಅಧಿಕಾರಿಣಿ, ಕೊನೆಗೆ ಬಿಲ್ಲೆಯನ್ನು ಎತ್ತಿ ಹಿಡಿದು, "ಇದು ಪದಕವೇ? ಯುದ್ಧದ್ದೇ?" ಎಂದು ಕೇಳಿದಳು. ಅಪ್ಪ ಕಂದಾಯ ಬಾಕಿದಾರರ ಮೇಲೆ ಮೂವತ್ತು ವರ್ಷ ನಡೆಸಿದ್ದನ್ನು ಯುದ್ಧ ಎನ್ನಬಹುದಾದ್ದರಿಂದ ನಾನು ಹೌದೆಂದೆ. ಅವಳು ಎರಡೂ ಕೈಯಲ್ಲಿ ಹಿಡಿದು ಮರಳಿ ಕೊಟ್ಟಳು. ಹಿಂಡಿಯನ್ನೂ ಬಿಟ್ಟಳು. ಒಂದು ಪದಕದ ಮಹಿಮೆ ಅಷ್ಟು.

ಉಪ್ಪಿಟ್ಟಿನ ಮರುದಿನ ನೇತ್ರಾ ನನ್ನನ್ನು ತನ್ನ ಕೆಲಸದ ಜಾಗಕ್ಕೆ ಕರೆದುಕೊಂಡು ಹೋದಳು. ರೈಲು ಗೇಟು ತೆಗೆದು ಹಳಿಯನ್ನೇ ಮೇಲಕ್ಕೆತ್ತುವ ಸೇತುವೆ. ಮನುಷ್ಯರು ಕಾಯಬಾರದೆಂದು ರೈಲನ್ನೇ ಎತ್ತುವ ದೇಶ. ನಮ್ಮ ಗದಗಿನ ಗೇಟಿನಲ್ಲಿ ಕಾದು ಕಾದೇ ನಾನು ಅರ್ಧ ಬಿ.ಎಸ್ಸಿ. ಓದಿದವಳು. ಕಿತ್ತಳೆ ಬಣ್ಣದ ಅಂಗಿ ತೊಟ್ಟ ಆನೆಯಂಥ ಗಂಡಸರು ಐದಡಿಯ ನನ್ನ ನೇತ್ರಾಳ ಸುತ್ತ ನಿಂತು, ಅವಳು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದರು. ಅವಳು ಒಂದು ಸಣ್ಣ ಸುತ್ತಿಗೆ ತೆಗೆದು ಕಂಬಕ್ಕೆ ಟಣ್ ಟಣ್ ಎಂದು ಬಡಿದು ಕಿವಿಗೊಟ್ಟಳು.

"ಏನ ಮಾಡಾಕ್ಹತ್ತಿ?"

"ಒಳಗೆ ಹಾಲೋ ಇದ್ರೆ ಸೌಂಡ್ ಬೇರೆ ಬರ್ತದ, ದೊಡ್ಡವ್ವ. ಹೊರಗೆ ಪೇಂಟ್ ಚೆಂದ ಇರ್ತದ. ಬಡೀಲೇಬೇಕು."

ಅವಳ ಹೆಸರಿನ ಕಾರ್ಡು ಇಸಿದುಕೊಂಡೆ. ನೇತ್ರಾ ವಾಲೀಕಾರ, ಬಿ.ಎಸ್., ಎಂ.ಎಸ್., ಅದರ ಮುಂದೆ ಇನ್ನೂ ಎರಡಕ್ಷರ. ಊರಲ್ಲಿ ಹಂಚಲು ಒಂದು ಕಟ್ಟೇ ತೆಗೆದುಕೊಂಡೆ. ಆಗ ನೆನಪಾಗಿ ಕೇಳಿದೆ: "ಲಗ್ನಪತ್ರಿಕಿಯೊಳಗ ಇದ್ಯಾವುದೂ ಇಲ್ಲಲ್ಲ?"

ಪತ್ರಿಕೆ ಮೊದಲೇ ನನಗೆ ಬಂದಿತ್ತು. ದಪ್ಪ ಕಾಗದ, ಬಂಗಾರದ ಅಂಚು, ಮೇಲೆ ಎರಡು ಹದ್ದು. 'ಬ್ಯಾರನ್ ಮ್ಯಾಕ್ಸಿಮಿಲಿಯನ್ ಫಾನ್ ಕ್ರಾಟ್ಸೆನ್‌ಬರ್ಗ್ ಅವರೊಂದಿಗೆ ಮಿಸ್ ನೇತ್ರಾ ಆಫ್ ವಾಲಿ.' ಈ ಆಫ್ ವಾಲಿಯನ್ನು ನಾನು ಅಚ್ಚಿನ ತಪ್ಪೆಂದು ತಿಳಿದಿದ್ದೆ. ಆದರೆ ಡಿಗ್ರಿ ಬಿಟ್ಟದ್ದು ಮಾತ್ರ ಅಂದಿನಿಂದ ಎದೆಯಲ್ಲಿ ಚುಚ್ಚುತ್ತಿತ್ತು. ನಮ್ಮಲ್ಲಿ ಎರಡು ಸಲ ಕುಳಿತು ಪಾಸಾದ ಬಿ.ಎ. ಕೂಡ ಲಗ್ನಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬರುತ್ತದೆ. ಬರಲೇಬೇಕು. ಕರಿಮಣಿ ಆಮೇಲೆ.

"ಹೆಲ್ಗಾ ಬೇಡ ಅಂದ್ರು," ಎಂದಳು ನೇತ್ರಾ. "ಡಿಗ್ರಿ ಹಾಕೋದು ಕೆಲಸ ಮಾಡೋ ಜನ ಅಂತೆ."

ಕೆಲಸ ಮಾಡುವ ಜನ. ಬೈಗುಳವನ್ನು ಇಷ್ಟು ನಯವಾಗಿ ಆಡುವುದಕ್ಕೆ ಅವರದರಂಥ ಹದಿನಾರು ತಲೆಮಾರಿನ ಮನೆತನ ಬೇಕು.

ಸಿಮೆಂಟಿನ ಟಗರು

ಸಿಡ್ನಿಗೆ ಕಾರಿನಲ್ಲೇ ಹೊರಟೆವು; ಪಾಟೀಲನಿಗೆ ರಜೆ ಸಿಗಲಿಲ್ಲ. ನೇತ್ರಾ ನಡೆಸುತ್ತಿದ್ದಳು, ನಾನು ಪಕ್ಕದಲ್ಲಿ, ಸಾವಕ್ಕ ಹಿಂದೆ ಬಾಯಿ ತೆರೆದು ನಿದ್ದೆ. ಒಂಬತ್ತು ತಾಸಿನ ದಾರಿ. ದಾರಿಯುದ್ದಕ್ಕೂ ಕಾಂಗರೂ ಇವೆ ಎಂದು ಹಳದಿ ಬೋರ್ಡುಗಳು. ಬೋರ್ಡು ನಲವತ್ತು ಕಂಡೆ, ಕಾಂಗರೂ ಒಂದೂ ಕಾಣಲಿಲ್ಲ. ನಮ್ಮಲ್ಲಿ 'ಮುಂದೆ ರಸ್ತೆ ಕಾಮಗಾರಿ ನಡೆದಿದೆ' ಎಂಬ ಬೋರ್ಡಿನ ಜಾತಿಯದೇ ಇರಬೇಕು.

ಸಿಡ್ನಿ ಇನ್ನೂ ಎರಡು ತಾಸಿರುವಾಗ ಒಂದೂರಿನಲ್ಲಿ ರಸ್ತೆ ಪಕ್ಕ ಮೂರಂತಸ್ತಿನ ಟಗರು. ಸಿಮೆಂಟಿನದು. ಆ ಸೀಮೆ ಉಣ್ಣೆಯಿಂದ ಬದುಕಿತಂತೆ. ಅದಕ್ಕೆ ಟಗರಿಗೇ ಮೂರ್ತಿ ನಿಲ್ಲಿಸಿದ್ದಾರೆ. ನಮ್ಮಲ್ಲಿ ಮೂರ್ತಿ ಎಂದರೆ ಕೈ ಚಾಚಿ ನಿಂತ ಒಬ್ಬ ಮುಖಂಡ ಬೇಕು, ಆಮೇಲೆ ಆ ಕೈ ಯಾರ ಓಣಿಯ ಕಡೆ ಚಾಚಿದೆ ಎಂದು ಒಂದು ಜಗಳ ಬೇಕು. ಟಗರಿನ ವಿಷಯದಲ್ಲಿ ಆ ತಂಟೆ ಇಲ್ಲ. ಕೆಲಸ ಮಾಡಿದ ಪ್ರಾಣಿ, ನಿಲ್ಲಿಸಿದ್ದಾರೆ.

ಅದರ ನೆರಳಿನಲ್ಲಿ ಕುಳಿತು ಶೇಂಗಾ ಹೋಳಿಗೆ ತಿನ್ನುವಾಗ ನೇತ್ರಾ ಕೇಳಿದಳು. ಸಾವಕ್ಕ ಕಾರಿನಲ್ಲೇ ಮಲಗಿದ್ದಳು.

"ದೊಡ್ಡವ್ವ, ಅಜ್ಜ ಏನು ಮಾಡ್ತಿದ್ರು? ಟ್ರೂಲಿ."

ಬಾಯಲ್ಲಿ ಹೋಳಿಗೆ ಇದ್ದದ್ದು ಒಳ್ಳೆಯದಾಯಿತು.

"ಮಾಮ್ ಲ್ಯಾಂಡ್ ಅಂತಾಳೆ. ಈಗ ಹೆಲ್ಗಾ ಎಲ್ಲರಿಗೂ ಪ್ರಿನ್ಸ್ ಥರಾ ಅಂತ ಹೇಳ್ತಿದಾರೆ. ನಾನು ಚಿಕ್ಕವಳಿದ್ದಾಗ ಸ್ಕೂಲಲ್ಲಿ ಫ್ಯಾಮಿಲಿ ಟ್ರೀ ಮಾಡು ಅಂದ್ರು. ಎಲ್ಲರದೂ ಇತ್ತು. ಫಾರ್ಮರ್, ಬಾರ್ಬರ್, ಕೋಲ್ ಮೈನರ್. ನನ್ನ ಅಜ್ಜನ ಕೆಳಗೆ ಮಾಮ್ 'ಲ್ಯಾಂಡ್' ಅಂತ ಬರೆದಳು. ಲ್ಯಾಂಡ್ ಅನ್ನೋದು ಕೆಲಸಾನಾ?"

ಮೂವತ್ತೇಳು ವರ್ಷ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿದವಳು ನಾನು. ತಪ್ಪು ಉತ್ತರ ಬರೆದ ಹುಡುಗರನ್ನು ನಿಲ್ಲಿಸಿ ಬೈದವಳು. "ಊರ ಕೆಲಸ ಮಾಡ್ತಿದ್ದ," ಎಂದೆ. "ದೊಡ್ಡ ಕೆಲಸ." ಅಷ್ಟು ಹೇಳಿ ಟಗರಿನ ಕಡೆ ನೋಡಿದೆ. ಟಗರೂ ಬೇರೆ ಕಡೆ ನೋಡುತ್ತಿತ್ತು.

ನೇತ್ರಾ ಸುತ್ತಿಗೆ ಬಡಿದು ಕಿವಿಗೊಟ್ಟವಳ ಹಾಗೆ ನನ್ನನ್ನು ಒಂದು ಕ್ಷಣ ನೋಡಿದಳು. ಕೈ ಒರೆಸಿಕೊಂಡು ಕಾರಿನ ಕಡೆ ಹೊರಟಳು.

ಅಲ್ಲಿಂದ ಸಿಡ್ನಿಯವರೆಗೆ ನನಗೆ ಒಂದೇ ಯೋಚನೆ. ಸುಳ್ಳು ಹೇಳಿದ್ದು ಸಾವಕ್ಕ, ಅದು ಅವಳ ಪಾಡು. ಆದರೆ ಈಗ ಮಗು ಕಣ್ಣಲ್ಲಿ ಕಣ್ಣಿಟ್ಟು ಕೇಳಿದಾಗ ಅಪ್ಪನನ್ನು ನುಂಗಿಕೊಂಡವಳು ನಾನು. ಹೋಳಿಗೆಯ ಜೊತೆ.

ಸಿಡ್ನಿ, ಹೆಲ್ಗಾಳ ಚಹಾ

ಹೆಲ್ಗಾ ಇರುವುದು ಸಮುದ್ರ ಕಾಣುವ ಗುಡ್ಡದ ಮೇಲೆ, ಎರಡು ಕೋಣೆಯ ಫ್ಲ್ಯಾಟಿನಲ್ಲಿ. ಸಮುದ್ರ ಬಚ್ಚಲಿನ ಕಿಟಕಿಯಿಂದ ಕಾಣುತ್ತದೆ. ಗೋಡೆಯ ಮೇಲೆ ಅವರ ಕೋಟೆಯ ಎಣ್ಣೆಬಣ್ಣದ ಚಿತ್ರ. ಚಿತ್ರ ದೊಡ್ಡದೋ ಗೋಡೆ ದೊಡ್ಡದೋ ಹೇಳುವುದು ಕಷ್ಟ. ಅಸಲು ಕೋಟೆ ಈಗ ಮೊಣಕಾಲು ನೋವಿನವರ ಆಸ್ಪತ್ರೆಯಂತೆ. ಎರಡು ಹದ್ದಿನ ಲಾಂಛನ ಚಹಾದ ಕೆಟಲಿನ ಮೇಲೆ, ಚಮಚದ ಮೇಲೆ, ಕೈ ಒರೆಸುವ ಬಟ್ಟೆಯ ಮೇಲೆ ಇತ್ತು. ನಾಯಿಯ ಊಟದ ಬೋಗುಣಿಯ ಮೇಲೂ ಇತ್ತು. ನಾಯಿ ಅದನ್ನು ನೆಕ್ಕಿ ನೆಕ್ಕಿ ಒಂದು ಹದ್ದು ಅಳಿಸಿಹೋಗಿತ್ತು.

ಎಪ್ಪತ್ತೈದರ ಹೆಂಗಸು, ಬೆನ್ನು ದಾರ ಕಟ್ಟಿ ಎಳೆದಂತೆ ನೇರ. ನನ್ನ ಎರಡೂ ಕೈ ಹಿಡಿದು, "ನಿಮ್ಮ ವಾಲಿಯ ಬಗ್ಗೆ ಕೇಳಿ ನನಗೆ ನಿದ್ದೆ ಬರಲಿಲ್ಲ. ನೀರಿನ ಅಡಿಯಲ್ಲಿ ಅರಮನೆ!" ಎಂದಳು.

"ಬಹಳ ಆಳ ಐತ್ರಿ," ಎಂದೆ, ನನ್ನ ಗದಗಿನ ಇಂಗ್ಲಿಷಿನಲ್ಲಿ. ಸಾವಕ್ಕ ಮೇಜಿನಡಿಯಲ್ಲಿ ನನ್ನ ಕಾಲು ತುಳಿದಳು.

"ನೀವು ಕುಟುಂಬದ ಹಿರಿಯರು. ಮದುವೆಯಾಗದೆ ಉಳಿದದ್ದು ಮನೆತನದ ಕಾರಣಕ್ಕೆ ಇರಬೇಕು."

ಅದೂ ಒಂದು ರೀತಿಯಲ್ಲಿ ನಿಜ. ಇಬ್ಬರಲ್ಲಿ ಒಬ್ಬಳು ದುಡಿದು ಇನ್ನೊಬ್ಬಳನ್ನು ನರ್ಸಿಂಗ್ ಓದಿಸಬೇಕಾಗಿತ್ತು. ಮನೆತನದ ಕಾರಣವೇ.

ಮ್ಯಾಕ್ಸ್ ಬಿಸ್ಕೀಟಿನ ತಟ್ಟೆ ಹಿಡಿದು ಬಂದು ನನ್ನ ಪಕ್ಕ ಕುಳಿತ. ಕೈಮೇಲೆ ಯಾವುದೋ ಆಕಳು ಒದ್ದ ಗಾಯ. "ಆಂಟಿ, ಅಮ್ಮ ಹದಿನಾರು ತಲೆಮಾರು ಹೇಳಲು ಶುರು ಮಾಡಿದರೆ ಏಳನೆಯದಕ್ಕೆ ಕೆಮ್ಮಿ. ನಾನು ಹಾಗೇ ಮಾಡುತ್ತೇನೆ," ಎಂದು ಕಿವಿಯಲ್ಲಿ ಹೇಳಿದ. ನಾನು ಐದಕ್ಕೇ ಕೆಮ್ಮಿದೆ.

ಆಗ ನೇತ್ರಾ, "ದೊಡ್ಡವ್ವ ಅಜ್ಜಂದು ಏನೋ ತಂದಿದಾರೆ," ಎಂದು ನನ್ನ ಚೀಲದಿಂದ ಗಂಟು ತೆಗೆದಳು. ಬಿಲ್ಲೆ ಸಿಡ್ನಿಯ ಬಿಸಿಲಿಗೆ ಫಳಫಳ ಹೊಳೆಯಿತು. ನಡುವೆ ಸರಕಾರದ ಮುದ್ರೆ, ಸುತ್ತ ಕನ್ನಡ ಅಕ್ಷರ. ಹೆಲ್ಗಾ ಎದ್ದು ನಿಂತಳು. ನಿಜಕ್ಕೂ ಎದ್ದು ನಿಂತಳು.

"ಲಾಂಛನ!" ಎಂದಳು. "ಏನು ಬರೆದಿದೆ?"

'ಓಲೇಕಾರ' ಎಂದು ಬರೆದಿದೆ. ಕೆಳಗೆ ತಾಲೂಕಿನ ಹೆಸರು, ನಂಬರು ಹದಿನೇಳು. ಆ ಕೋಣೆಯಲ್ಲಿ ಅದನ್ನು ಓದಬಲ್ಲವರು ಇಬ್ಬರೇ. ಒಬ್ಬಳು ನನ್ನ ಕಾಲ ಮೇಲೆ ಮತ್ತೆ ಕಾಲಿಟ್ಟು, "ಅದು ವಂಶದ ಹೆಸರು," ಎಂದಳು.

"ಸಂಖ್ಯೆ?"

"ಹದಿನೇಳನೇ... ತಲೆಮಾರು," ಎಂದಳು ನನ್ನ ತಂಗಿ.

ಹೆಲ್ಗಾಳ ಮುಖ ಸ್ವಲ್ಪ ಸಣ್ಣದಾಯಿತು. ಅವರದು ಹದಿನಾರೇ.

ನೇತ್ರಾ ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು ಆ ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದಳು. ಕನ್ನಡ ಕೇಳುತ್ತಾಳೆ, ಅಷ್ಟಿಷ್ಟು ಆಡುತ್ತಾಳೆ, ಓದಲು ಬರುವುದಿಲ್ಲ. ಕಲಿಸದೆ ಬಿಟ್ಟದ್ದಕ್ಕೆ ಸಾವಕ್ಕ ಅಂದು ಮೊದಲ ಬಾರಿ ಸಂತೋಷಪಟ್ಟಿರಬೇಕು. ಹೆಲ್ಗಾ ಬಿಲ್ಲೆಯನ್ನು ಕೇಳಿ ಇಸಿದುಕೊಂಡಳು. ಮದುವೆಯ ದಿನ ಮಖಮಲ್ಲಿನ ದಿಂಬಿನ ಮೇಲೆ, ಎರಡು ಹದ್ದಿನ ಪಕ್ಕದಲ್ಲಿ ಇಡುತ್ತಾಳಂತೆ.

ಹೊರಗೆ ಬಂದ ಮೇಲೆ ತಂಗಿಗೆ ಹೇಳಿದೆ: "ಸಾವಕ್ಕ, ಅಪ್ಪ ಬದುಕಿದ್ದರ ಇವತ್ತು ಆ ಮನಿಯ ಯಾವ ಖುರ್ಚಿ ಮ್ಯಾಲೆ ಕುಂದರತಿದ್ದ?"

"ಅಕ್ಕಾ, ನಾಳೆ ಒಂದು ದಿನ," ಎಂದಳು ಅವಳು. "ನನ್ನ ಗಂಡ ಬಿಟ್ಟು ಹೋದಾಗ ಎಲ್ಲಾರೂ ನಮ್ಮನ್ನ ಕೆಳಗ ನೋಡಿದರು. ನನ್ನ ಮಗಳನ್ನ ಒಬ್ಬರೂ ಹಂಗ ನೋಡಬಾರದು. ಅದಕ್ಕs ನಾ ಇದ್ದೂರನ್ನ ಮುಳುಗಿಸಿದೆ."

ಬೈಯಬೇಕೆಂದಿದ್ದವಳು ಅವಳ ಸೆರಗು ಸರಿಮಾಡಿದೆ.

ಮದುವೆಯ ತೋಟ

ಮದುವೆ ಮರುದಿನ ಮಧ್ಯಾಹ್ನ, ಕೊಲ್ಲಿಯ ದಂಡೆಯ ಒಂದು ತೋಟದಲ್ಲಿ. ಉಂಗುರ ಬದಲಿಸುವುದು ಹನ್ನೆರಡು ನಿಮಿಷದಲ್ಲಿ ಮುಗಿಯಿತು. ನಮ್ಮಲ್ಲಿ ಅಷ್ಟು ಹೊತ್ತಿಗೆ ಫೋಟೋದವನು ಭಟ್ಟರನ್ನು ಪಕ್ಕಕ್ಕೆ ಸರಿಸುವುದೂ ಆಗಿರುವುದಿಲ್ಲ. ನಿಜವಾದ ಶಾಸ್ತ್ರ ಶುರುವಾದದ್ದು ಆಮೇಲೆ, ಊಟದ ಡೇರೆಯ ಬಾಗಿಲಲ್ಲಿ.

ಹೆಲ್ಗಾಳ ಮನೆತನದ ಪದ್ಧತಿಯಂತೆ ಅತಿಥಿಗಳು ಸುಮ್ಮನೆ ಒಳಗೆ ಹೋಗುವಂತಿಲ್ಲ. ಬಾಗಿಲಲ್ಲಿ ಒಬ್ಬ ಮನುಷ್ಯ ನಿಂತಿರುತ್ತಾನೆ. ಅವನ ಕೈಗೆ ನಮ್ಮ ಹೆಸರಿನ ಚೀಟಿ ಕೊಡಬೇಕು. ಅವನು ಕೋಲನ್ನು ನೆಲಕ್ಕೆ ಮೂರು ಸಲ ಕುಟ್ಟಿ ನಮ್ಮ ಹೆಸರನ್ನು ಇಡೀ ಡೇರೆಗೆ ಕೇಳುವಂತೆ ಕೂಗುತ್ತಾನೆ. ಆಗ ನಾವು ಒಳಗೆ. ಸಾವಕ್ಕ ಮುಂದೆ ಹೋದಳು. ಟಕ್ ಟಕ್ ಟಕ್. "ಲೇಡಿ ಸಾವಿತ್ರಿ ಆಫ್ ವಾಲಿ!" ಅವಳು ಸೆರಗು ಹೊದ್ದು ಹಂಸದ ಹಾಗೆ ತೇಲಿದಳು.

ನನ್ನ ಚೀಟಿಯನ್ನೂ ಅವಳೇ ಬರೆದುಕೊಟ್ಟಿದ್ದಳು. ಕೊಡಲೆಂದು ತಲೆ ಎತ್ತಿ ಆ ಮನುಷ್ಯನನ್ನು ನೋಡಿದೆ.

ಅರವತ್ತರ ಆಸುಪಾಸು. ಬಿಸಿಲಿಗೆ ಬೆಂದ ಮುಖ, ಕೂಗಿ ಕೂಗಿ ಕುತ್ತಿಗೆಯ ನರ ಉಬ್ಬಿತ್ತು. ಕೈಯಲ್ಲಿ ಕೋಲು. ಎದೆಗೆ ಅಡ್ಡಪಟ್ಟಿ. ಪಟ್ಟಿಯ ಮೇಲೆ ದುಂಡನೆಯ ಹಳದಿ ಬಿಲ್ಲೆ.

ಹತ್ತು ಸಾವಿರ ಕಿಲೋಮೀಟರು ದಾಟಿ ಬಂದರೆ ಬಾಗಿಲಲ್ಲಿ ನಮ್ಮಪ್ಪ ನಿಂತಿದ್ದ. ಬ್ಯಾರನ್ನುಗಳಿಗೂ ವಾಲೀಕಾರ ಇಲ್ಲದೆ ನಡೆಯುವುದಿಲ್ಲ. ದಿನಗೂಲಿಯ ಮೇಲೆ ಕರೆಸಬೇಕಾಗಿದೆ, ಅಷ್ಟೇ.

ನನಗೆ ನಮ್ಮೂರಿನ ಒಂದು ಮುಂಜಾನೆ ನೆನಪಾಯಿತು. ನನ್ನ ಬಿ.ಎಸ್ಸಿ. ಫಲಿತಾಂಶ ಬಂದ ದಿನ. ಅಪ್ಪ ಪಟ್ಟಿ ಕಟ್ಟಿಕೊಂಡು, ಬಿಲ್ಲೆ ತಿಕ್ಕಿ, ಡಂಗುರ ಹೆಗಲಿಗೆ ಹಾಕಿಕೊಂಡು ಹೊರಟ. ಕಂದಾಯದ ಸುದ್ದಿ ಇರಬೇಕೆಂದು ಜನ ಬಾಗಿಲಿಗೆ ಬಂದರು. "ಕೇಳ್ರಪೋ ಕೇಳ್ರೀ! ವಾಲೀಕಾರ ಯಲ್ಲಪ್ಪನ ಮಗಳು ನಿಂಗವ್ವ ಬಿ.ಎಸ್ಸಿ. ಪಾಸಾಗ್ಯಾಳs!" ಏಳು ಓಣಿ. ಸರಕಾರಿ ಡಂಗುರವನ್ನು ಸ್ವಂತ ಮಾತಿಗೆ ಬಳಸಿದ್ದಕ್ಕೆ ಗೌಡರು ಸಂಜೆ ಚಾವಡಿಯಲ್ಲಿ ನಿಲ್ಲಿಸಿ ಬೈದರು. ಅಪ್ಪ ಕೈಕಟ್ಟಿ, "ತಪ್ಪಾತ್ರಿ," ಎಂದ. ಮನೆಗೆ ಬಂದು ನನ್ನನ್ನು ನೋಡಿ, "ಏಳೂ ಓಣಿ ಮುಗಿದ ಮ್ಯಾಲೆ ಬೈದರು," ಎಂದು ನಕ್ಕ.

ನಾನು ಚೀಟಿ ಹರಿದೆ. ಆ ಮನುಷ್ಯನ ಪೆನ್ನು ಇಸಿದುಕೊಂಡು ಇಂಗ್ಲಿಷಿನಲ್ಲಿ ಬೇರೆ ಬರೆದುಕೊಟ್ಟೆ. ಅವನು ಓದಿದ. ನನ್ನನ್ನು ನೋಡಿದ. ಮತ್ತೆ ಓದಿದ. ಗಂಟಲು ಸರಿಮಾಡಿಕೊಂಡ. ಮಧ್ಯಾಹ್ನದಿಂದ ಅಷ್ಟು ಜೋರಾಗಿ ಅವನು ಯಾರ ಹೆಸರನ್ನೂ ಕೂಗಿರಲಿಲ್ಲ.

"ಮಿಸ್ ನಿಂಗವ್ವ ವಾಲೀಕಾರ, ಬಿ.ಎಸ್ಸಿ., ಬಿ.ಎಡ್.! ಯಲ್ಲಪ್ಪನ ಮಗಳು! ಆತ ತನ್ನ ಊರಿನಲ್ಲಿ ಹೆಸರು ಕೂಗುವವನಾಗಿದ್ದ, ನನ್ನ ಹಾಗೆ!"

'ನನ್ನ ಹಾಗೆ' ಎಂಬುದನ್ನು ನಾನು ಬರೆದಿರಲಿಲ್ಲ. ಅದು ಅವನದೇ ಸೇರ್ಪಡೆ.

ಏಳನೆಯ ಟೇಬಲ್

ಡೇರೆಯಲ್ಲಿದ್ದವರೆಲ್ಲ ಬಾಗಿಲ ಕಡೆ ತಿರುಗಿದರು. ಹೆಲ್ಗಾ ನನ್ನ ಹತ್ತಿರ ಬಂದಳು. ಅವಳ ಬೆನ್ನು ಇನ್ನೂ ನೇರವಾಗಿತ್ತು.

"ಅರಮನೆ?"

"ಇಲ್ಲ. ಒಂದು ಅಂಕಣದ ಮನಿ. ಮುಳುಗಿಲ್ಲ, ಅಲ್ಲೇ ಐತಿ."

"ಹಾಗಾದರೆ ಊರಿನ ಜನ ನಿಮ್ಮ ತಂದೆಯ ಮಾತು ಪಾಲಿಸುತ್ತಿರಲಿಲ್ಲವೇ?"

"ಪಾಲಿಸತಿರಲಿಲ್ಲ. ಕೇಳತಿದ್ದರು."

ಅವಳು ತಿರುಗಿ ಹೊರಟಳು. ಸಭ್ಯ ಜನ ಕೂಗಾಡುವುದಿಲ್ಲ. ಅವರಿಗೆ ಬೇರೆ ದಾರಿಗಳಿವೆ. ನಾನು ಕೈ ತೊಳೆದು ಬರುವಷ್ಟರಲ್ಲಿ ಮೊದಲ ಟೇಬಲಿನಲ್ಲಿದ್ದ ನನ್ನ ಹೆಸರಿನ ಕಾರ್ಡು ಏಳನೆಯ ಟೇಬಲಿಗೆ ಬಂದಿತ್ತು. ಡೇರೆಯ ಮೂಲೆ, ಪಕ್ಕದಲ್ಲಿ ಪಿಟೀಲಿನವರು, ಕೇಕಿನವಳು. ನಮ್ಮ ಕಡೆಯ ಪಂಕ್ತಿಗಳಲ್ಲಿ ಎಬ್ಬಿಸಿ ಬೇರೆ ಕಡೆ ಕೂರಿಸುವುದನ್ನು ಚಿಕ್ಕಂದಿನಿಂದ ಬಲ್ಲೆ. ಇಲ್ಲಿ ಕಾರ್ಡಿನ ಮೇಲೆ ಬಂಗಾರದ ಅಂಚಿರುತ್ತದೆ.

ಸಾವಕ್ಕ ಮೊದಲ ಟೇಬಲಿನಿಂದ ನನ್ನ ಕಡೆ ನೋಡಲೇ ಇಲ್ಲ. ತಲೆ ಬಗ್ಗಿಸಿ ಸೂಪಿನಲ್ಲಿ ಚಮಚ ತಿರುಗಿಸುತ್ತಿದ್ದಳು. ಸತ್ಯ ಹೇಳಿದ್ದು ಸರಿ. ಆದರೆ ಅದು ನೇತ್ರಾಳ ಮದುವೆ, ನನ್ನ ಕ್ಲಾಸಲ್ಲ.

ಬಿಳಿ ಗೌನು ಎತ್ತಿ ಹಿಡಿದುಕೊಂಡು ನೇತ್ರಾ ಬರುತ್ತಿದ್ದುದು ಕಂಡಿತು. ನೇರ ನನ್ನ ಕಡೆಗಲ್ಲ. ಮೊದಲು ಮಖಮಲ್ಲಿನ ದಿಂಬಿನ ಕಡೆ ಹೋದಳು. ಬಿಲ್ಲೆ ತೆಗೆದುಕೊಂಡಳು. ಆಮೇಲೆ ನನ್ನ ಮುಂದೆ ನಿಂತಳು.

"ಏನು ಬರೆದಿದೆ, ದೊಡ್ಡವ್ವ? ಓದು."

ಬೆರಳಿಟ್ಟು ಒಂದೊಂದೇ ಅಕ್ಷರ ಓದಿದೆ. ಓ. ಲೇ. ಕಾ. ರ. ನನ್ನ ಹಿಂದೆ ಅವಳೂ ಓದಿದಳು. ಹದಿನೇಳು ಎಂದರೆ ತಲೆಮಾರಲ್ಲ, ಬಿಲ್ಲೆಯ ನಂಬರು ಎಂದೆ. ಅಪ್ಪ ಏಳು ಓಣಿ ಕೂಗಿದ್ದನ್ನೂ ಹೇಳಿದೆ.

"ತಪ್ಪಾತು ನಂದು. ಟಗರಿನ ಹತ್ರನೇ ಹೇಳಬೇಕಿತ್ತು," ಎಂದೆ.

"ಹೌದು. ಅಲ್ಲೇ ಹೇಳಬೇಕಿತ್ತು," ಎಂದಳು ಅವಳು, ಖಡಕ್ಕಾಗಿ. ನಮ್ಮ ಮನೆಯ ಹುಡುಗಿಯೇ. ಆಮೇಲೆ ಬಿಲ್ಲೆಯನ್ನು ಗೌನಿನ ಎದೆಗೆ ಸಿಕ್ಕಿಸಿಕೊಂಡಳು. ಅದರ ಭಾರಕ್ಕೆ ಬಟ್ಟೆ ಜೋತಿತು. ಕುರ್ಚಿ ಎಳೆದು ಏಳನೆಯ ಟೇಬಲಿನಲ್ಲೇ ಕುಳಿತಳು. ಹಿಂದೆಯೇ ಮ್ಯಾಕ್ಸ್ ಎರಡು ತಟ್ಟೆ ಹಿಡಿದು ಬಂದ. ಮದುಮಕ್ಕಳು ಎಲ್ಲಿ ಕೂರುತ್ತಾರೋ ಅದೇ ಮೊದಲ ಟೇಬಲು ತಾನೇ. ಹೆಲ್ಗಾಗೆ ಈ ಲೆಕ್ಕ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಅತಿಥಿಗಳೆಲ್ಲ ಒಳಬಂದು ಕೆಲಸ ಮುಗಿದದ್ದರಿಂದ ಕೂಗುವ ಮನುಷ್ಯನೂ ಬೆವರೊರೆಸುತ್ತ ನಮ್ಮ ಟೇಬಲಿಗೇ ಬಂದ. ಅವನ ಹೆಸರು ಕೆವಿನ್. ವಾರದ ದಿನಗಳಲ್ಲಿ ಬಸ್ಸು ನಡೆಸುತ್ತಾನೆ. ನೇತ್ರಾಳ ಎದೆಯ ಬಿಲ್ಲೆಯನ್ನು ಬೆರಳಿನಿಂದ ತಟ್ಟಿ ನೋಡಿದ. "ಅಸಲಿ ಹಿತ್ತಾಳೆ," ಎಂದ. "ನಂದು ಪ್ಲಾಸ್ಟಿಕ್ಕು." ಆಮೇಲೆ ಕೋಲನ್ನು ನನ್ನ ಕೈಗೆ ಕೊಟ್ಟು, "ನಿಮ್ಮ ತಂದೆ ಹೇಗೆ ಕೂಗುತ್ತಿದ್ದರು?" ಎಂದು ಕೇಳಿದ.

ಅರವತ್ತೊಂದು ವರ್ಷದ ಹೆಂಗಸು, ನಿವೃತ್ತ ಶಿಕ್ಷಕಿ. ಬೇಡವೆಂದು ಹೇಳುವಷ್ಟು ಬುದ್ಧಿ ನನಗಿತ್ತು. ಎದ್ದು ನಿಂತೆ. ಕೋಲನ್ನು ಮೂರು ಸಲ ಕುಟ್ಟಿದೆ.

"ಕೇಳ್ರಪೋ ಕೇಳ್ರೀ! ವಾಲೀಕಾರ ಯಲ್ಲಪ್ಪನ ಮೊಮ್ಮಗಳು, ಸಾವಕ್ಕನ ಮಗಳು, ನೇತ್ರಾ! ಸೇತುವಿ ಕಟ್ಟಾಕಿ! ಎಂಜಿನಿಯರ್ ಆಗ್ಯಾಳs!"

ಆ ಡೇರೆಯಲ್ಲಿ ಈ ಮಾತು ತಿಳಿಯುವವರು ನನ್ನನ್ನು ಬಿಟ್ಟರೆ ಇಬ್ಬರು. ನೇತ್ರಾ ಬಿಲ್ಲೆಯನ್ನು ಅಂಗೈಯಿಂದ ಒತ್ತಿ ಹಿಡಿದಿದ್ದಳು. ಇನ್ನೊಬ್ಬಳು ಮೊದಲ ಟೇಬಲಿನಿಂದ ಎದ್ದಳು. ಹಂಸದ ಹಾಗಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕುರ್ಚಿಗಳನ್ನು ಸರಿಸುತ್ತ, ಊರಲ್ಲಿ ಜಗಳಕ್ಕೆ ಹೋಗುವವರ ನಡಿಗೆಯಲ್ಲಿ ಬಂದಳು. ಕಣ್ಣು ಕೆಂಪಾಗಿದ್ದವು. ಬೈಗುಳಕ್ಕೆ ಸಿದ್ಧಳಾಗಿ ನಿಂತೆ.

"ಎಂ.ಎಸ್. ಅನ್ನೂದು ಬಿಟ್ಟಿ, ಅಕ್ಕಾ," ಎಂದಳು ಸಾವಕ್ಕ. "ಇನ್ನೊಮ್ಮೆ ಒದರು."